ಅಕ್ಕನ ಬೇರೆ ಒಲೆ

ಆ ಭಾನುವಾರ ಮಧ್ಯಾಹ್ನ ಪ್ರೊಫೆಸರ್ ತನ್ನ ಅಕ್ಕನ ಮನೆಗೆ ಬಂದಾಗ ಅಕ್ಕ ಒಳಗಿರಲಿಲ್ಲ. ಮನೆಯ ಪಕ್ಕದ ಗೋಡೆಗೆ ಆನಿಸಿ ಇಳಿಬಿಟ್ಟಿದ್ದ ತಗಡಿನ ಕೆಳಗೆ, ಮೊದಲೆಲ್ಲ ಮಗನ ಸೈಕಲ್ ನಿಲ್ಲುತ್ತಿದ್ದ ಜಾಗದಲ್ಲಿ, ಮೊಣಕಾಲು ಮಡಿಸಿ ಕೂತು ಒಲೆ ಊದುತ್ತಿದ್ದಳು. ಇಟ್ಟಿಗೆ ಜೋಡಿಸಿದ ಒಲೆ. ಸೌದೆ ಹಸಿ. ಹೊಗೆ ಮೇಲೇರಿ ತಗಡಿಗೆ ಬಡಿದು, ದಾರಿ ಸಿಗದೆ, ವಾಪಸು ಅಕ್ಕನ ಮುಖಕ್ಕೇ ಬರುತ್ತಿತ್ತು.

"ಏನಕ್ಕಾ ಇದು? ಒಳಗೆ ಗ್ಯಾಸ್ ಖಾಲಿಯಾಯ್ತಾ?"

"ಗ್ಯಾಸು ಒಳಗೇ ಇದೆ. ನಾನು ಹೊರಗಿದೀನಿ, ಅಷ್ಟೆ." ಅಕ್ಕ ತೋಳಿಗೆ ಕಣ್ಣೊರೆಸಿಕೊಂಡು ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಾ ಪುಟ್ಟಿ. ಈ ಮಣೆ ಮೇಲೆ ಕೂತ್ಕೋ. ಗೋಡೆಗೆ ಒರಗಬೇಡ, ಮಸಿ. ನಿನ್ನ ಒಲೆ ನೋಡೋಕೆ ಈಗ ಪುರುಸೊತ್ತಾಯ್ತಾ ನಿಂಗೆ?"

"ನನ್ನ ಒಲೇನಾ?"

"ಮತ್ತೆ ನಂದಾ? ಇಡೀ ಬೀದಿಯಲ್ಲಿ ಇದಕ್ಕೆ ಪ್ರೊಫೆಸರಮ್ಮನ ಒಲೆ ಅಂತ್ಲೇ ಹೆಸರು. ಆಚೆ ಮನೆ ಮುದುಕಿಗೂ ಒಂದು ಹಾಕಿಕೊಟ್ಟಿದ್ದಾರೆ, ಹಿತ್ತಿಲಲ್ಲಿ, ಕೋಳಿಗೂಡಿನ ಪಕ್ಕ. ಅವಳು ಪುಣ್ಯವಂತೆ. ಮಾತಾಡಿಸೋಕೆ ಕೋಳಿಗಳಾದ್ರೂ ಇವೆ."

ತಲೆ ನರೆತು, ನಿವೃತ್ತಿಗೆ ಕಾಲ ಸಮೀಪಿಸಿದ್ದರೂ ಅಕ್ಕನ ಬಾಯಲ್ಲಿ ಪ್ರೊಫೆಸರ್ ಇನ್ನೂ ಪುಟ್ಟಿಯೇ. ತಾಯಿ ಸತ್ತಾಗ ಅಕ್ಕ ಶಾಲೆ ಬಿಟ್ಟು ಮನೆ ಹಿಡಿದಳು, ತಂಗಿಯನ್ನು ಶಾಲೆಗೆ ಕಳಿಸಿದಳು. ತಲೆ ಬಾಚುತ್ತ ತಾನು ಕೇಳಿ ಕಲಿತ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಒಂದು ಸಾಲು ತಪ್ಪಿದರೆ ಜಡೆ ಜಗ್ಗುತ್ತಿದ್ದಳು. ಆ ಕೈಯಲ್ಲೇ ತಂಗಿ ಓದಿ, ಪರದೇಶಗಳಲ್ಲೂ ಪಾಠ ಹೇಳಿ, ಒಂದು ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ವರ್ಷವಿಡೀ ಇದ್ದು ಈಗಷ್ಟೇ ಮರಳಿದ್ದಳು. ಅಷ್ಟರಲ್ಲಿ ಅಕ್ಕ ಮನೆಯೊಳಗಿಂದ ಮನೆಯಾಚೆಗೆ ಬಂದಿದ್ದಳು.

"ಚಿಕ್ಕಮ್ಮ, ಒಳಗೆ ಬನ್ನಿ, ಊಟಕ್ಕಿಟ್ಟಿದೀನಿ," ಎಂದು ಸೊಸೆ ಕಿಟಕಿಯಿಂದ ಕರೆದಳು. ಹೊಲಿಗೆ ಕಾರ್ಖಾನೆಯಲ್ಲಿ ದಿನವಿಡೀ ಅಂಗಿಗೆ ಕಾಲರು ಕೂರಿಸುವ ಹುಡುಗಿ. ಭಾನುವಾರವೂ ಅವಳ ಕುತ್ತಿಗೆ ಬಗ್ಗಿದಂತೆಯೇ ಇರುತ್ತಿತ್ತು.

ಪ್ರೊಫೆಸರ್ ಒಳಗೆ ಕೂತಳು. ಎದುರಿಗೆ ಅಕ್ಕನ ಮಗ, ಎಡಗೈಯಲ್ಲಿ ಚಮಚ ಹಿಡಿದು. ಅವನ ಬಲಗೈಯ ಬೆರಳುಗಳನ್ನು ರಟ್ಟಿನ ಪೆಟ್ಟಿಗೆ ಕತ್ತರಿಸುವ ಯಂತ್ರ ತೆಗೆದುಕೊಂಡು ಎರಡು ವರ್ಷವಾಗಿತ್ತು. ಕಾರ್ಖಾನೆಯವರು ಅವನನ್ನು ಬಾಗಿಲು ಕಾಯುವ ಕೆಲಸಕ್ಕೂ ಇಟ್ಟುಕೊಂಡಿರಲಿಲ್ಲ. ಬಾಗಿಲು ತೆಗೆಯಲೂ ಬೆರಳು ಬೇಕಂತೆ.

ಪ್ರೊಫೆಸರ್ ಮೊದಲ ತುತ್ತು ಕಲಸುವಷ್ಟರಲ್ಲಿ ಗುಬ್ಬಿ ತಟ್ಟೆ ಬಿಟ್ಟು ಎದ್ದಿತು. ಗುಬ್ಬಿ ಅಕ್ಕನ ಮೊಮ್ಮಗಳು. ಇನ್ನೂ ಹಾಲುಹಲ್ಲು ಬೀಳದ ಮಗು. ಹೊರಗೆ ಓಡಿ ಅಜ್ಜಿಯ ಎದುರು ನಿಂತು, ಮಾತಿಲ್ಲ ಕತೆಯಿಲ್ಲ, ಬಾಯಿ ಅಗಲಿಸಿತು. ಅಕ್ಕನ ಕೈ ತನ್ನಷ್ಟಕ್ಕೆ ತಾನೇ ತುತ್ತು ಮಾಡಿತು. ಅದು ಮಗುವಿನ ಬಾಯಿ ಮುಟ್ಟುವ ಮೊದಲೇ ಸೊಸೆ ಚಪ್ಪಲಿಯಿಲ್ಲದ ಕಾಲಲ್ಲಿ ಓಡಿಬಂದು ಮಗುವಿನ ರಟ್ಟೆ ಹಿಡಿದೆಳೆದಳು.

"ಎಷ್ಟು ಸಲ ಹೇಳಿಕೊಟ್ಟಿದೀನಿ? ಹೇಳು, ನಿಂಗೆ ಊಟ ಹಾಕೋರು ಯಾರು?"

"ಅಮ್ಮ."

"ಅಜ್ಜಿ ಹಾಕ್ತಾರಾ?"

"ಇಲ್ಲ," ಎಂದಿತು ಮಗು. ಎಂದು, ತುತ್ತಿನ ಮೇಲಿನ ಕಣ್ಣು ಕೀಳದೆ ಅಳತೊಡಗಿತು.

ತುತ್ತು ಅಕ್ಕನ ಕೈಯಲ್ಲೇ ಉಳಿಯಿತು. ಅವಳು ಅದನ್ನು ನೋಡಿದಳು, ತಿನ್ನಲಿಲ್ಲ, ತಟ್ಟೆಯ ಅಂಚಿಗಿಟ್ಟಳು.

"ಯಾಕೆ ಹೀಗೆ?" ಎಂದಳು ಪ್ರೊಫೆಸರ್.

"ಯಾಕೆ ಅಂತ ನೀವು ಕೇಳ್ತೀರಲ್ಲ ಚಿಕ್ಕಮ್ಮ!" ಅಕ್ಕನ ಮಗ ಚಮಚ ಕೆಳಗಿಟ್ಟ. "ಬೇರೆ ಒಲೆ ಇದ್ದರೆ ಬೇರೆ ಮನೆ. ಬೇರೆ ಮನೆಯಾದರೆ ಒಂಟಿ ಹೆಣ್ಣು. ಒಂಟಿ ಹೆಣ್ಣಾದರೆ ಪಡಿ: ತಿಂಗಳು ತಿಂಗಳು ಅಕ್ಕಿ, ಬೇಳೆ, ಎಣ್ಣೆ. ಅಮ್ಮನಿಗೆ ಬಂದದ್ದರಲ್ಲಿ ನಾವು ನಾಲ್ಕು ಜನ ಉಣ್ಣುತ್ತಿದ್ದೇವೆ. ಇದು ನಿಮ್ಮದೇ ನಿಯಮವಂತೆ. ಪುಸ್ತಕದಲ್ಲಿದೆಯಂತೆ."

"ಒಲೆ ಹೊರಗಿರಲಿ. ಒಳಗೆ ಬಂದು ಉಣ್ಣಬಾರದಾ?"

"ಮೂಗು ಬರ್ತಾನೆ."

ಮೂಗು ಅಂದರೆ ಪಡಿ ಕಚೇರಿಯ ತಪಾಸಣೆಗಾರ. ಯಾವಾಗ ಬರುತ್ತಾನೆಂದು ಹೇಳುವಂತಿಲ್ಲ. ಬಂದವನು ಮೊದಲು ಬೂದಿಗೆ ಕೈಯಿಡುತ್ತಾನೆ, ಬಿಸಿಯಿದೆಯೇ ಎಂದು. ಪಾತ್ರೆ ಎತ್ತಿ ಮೂಸುತ್ತಾನೆ. ಒಳಮನೆಯ ಪಾತ್ರೆಯಲ್ಲೂ ಅದೇ ಅಡುಗೆಯ ವಾಸನೆ ಬಂದರೆ ಪಡಿ ರದ್ದು. ದೊಡ್ಡವರನ್ನು ಕೇಳುವುದಿಲ್ಲ, ದೊಡ್ಡವರು ಸುಳ್ಳು ಹೇಳುತ್ತಾರೆಂದು ಅವನಿಗೆ ಗೊತ್ತು. ಮಕ್ಕಳನ್ನು ಕೇಳುತ್ತಾನೆ.

"ಅದಕ್ಕೇ ನಾವು ದಿನಾ ಎರಡು ಥರ ಅಡುಗೆ ಮಾಡ್ತೀವಿ," ಎಂದು ಹೊರಗಿಂದ ಅಕ್ಕನ ದನಿ ಬಂತು. "ಬಡವರ ಮನೇಲಿ ಎರಡೆರಡು ಅಡುಗೆ! ಹಿಂದೆ ಯಾವ ಸಾಹುಕಾರ ಉಂಡಿದ್ದ ಹೇಳು?"

ಅಕ್ಕನ ಮಗ ಚಮಚ ಮತ್ತೆ ಕೈಗೆತ್ತಿಕೊಂಡ.

ಒಲೆಯ ಕತೆ ಹಳೆಯದು. ಪ್ರೊಫೆಸರ್ ಇನ್ನೂ ಹರೆಯದವಳಾಗಿದ್ದಾಗ, ಬಡತನ ಅಳೆಯುವವರು ಮನೆಗಳನ್ನು ಸೂರಿನಿಂದ ಎಣಿಸುತ್ತಿದ್ದರು. ಒಂದು ಸೂರು, ಅದರ ಕೆಳಗೊಬ್ಬ ಯಜಮಾನ, ಮಿಕ್ಕವರೆಲ್ಲ ಅವನ ಬಾಲ. ಯಜಮಾನನ ಹೊಟ್ಟೆ ತುಂಬಿತೆಂದರೆ ಮನೆಯವರದೆಲ್ಲ ತುಂಬಿದ ಹಾಗೆ. ಅವಳು ಚೀಲ ಹೆಗಲಿಗೇರಿಸಿ ದೇಶ ದೇಶ ಅಲೆದಳು. ಗಣಿ ಕೆಲಸಗಾರರ ಸಾಲುಮನೆ, ಬಂದರಿನ ಹಿಂದಿನ ಕೇರಿ, ಇಟ್ಟಿಗೆ ಗೂಡಿನ ಬಯಲು. ಭಾಷೆ ಬೇರೆ, ಮೈಬಣ್ಣ ಬೇರೆ, ದೇವರೂ ಬೇರೆ. ಆದರೆ ಹೋದಲ್ಲೆಲ್ಲ ಸೂರಿನ ಹಿಂಭಾಗದಲ್ಲಿ ಒಬ್ಬಳು ಇದ್ದೇ ಇರುತ್ತಿದ್ದಳು. ಗಂಡ ಬಿಟ್ಟ ತಂಗಿ, ಸತ್ತ ಅಣ್ಣನ ಹೆಂಡತಿ, ಯಾರಿಗೂ ಬೇಡವಾದ ಸೋದರತ್ತೆ. ಮೂರು ಕಲ್ಲು ಹೂಡಿ, ಆಯ್ದು ತಂದ ಪುಳ್ಳೆ ಉರಿಸಿ, ತನ್ನ ಹಿಡಿ ಕಾಳು ತಾನೇ ಬೇಯಿಸಿಕೊಳ್ಳುವವಳು. ಸರ್ಕಾರದ ಪುಸ್ತಕದಲ್ಲಿ ಅವಳು ಉಂಡವಳು, ಹಿತ್ತಿಲಲ್ಲಿ ಹಸಿದವಳು.

"ಸೂರು ಎಣಿಸಬೇಡಿ, ಒಲೆ ಎಣಿಸಿ," ಎಂದಳು ಅವಳು.

ಹಿರಿಯ ವಿದ್ವಾಂಸರು ನಕ್ಕರು. "ಇದು ಅರ್ಥಶಾಸ್ತ್ರವೋ, ಅಡುಗೆಶಾಸ್ತ್ರವೋ?" ಎಂದರು. ಆಮೇಲೆ ಎಣಿಸಿ ನೋಡಿದರು. ಎಣಿಸಿದ ಮೇಲೆ ನಗಲು ಯಾರಿಗೂ ಬಾಯಿರಲಿಲ್ಲ. ಒಂದೊಂದು ದೇಶದಲ್ಲೂ ಹಿತ್ತಿಲಿನಿಂದ ಹೆಂಗಸರು ಲಕ್ಷಗಟ್ಟಲೆ ಎದ್ದು ಬಂದರು, ಮಣ್ಣಿನೊಳಗಿದ್ದವರು ಎದ್ದು ಬಂದ ಹಾಗೆ. ಅವಳಿಗೆ ಪೀಠ ಬಂತು, ಪದಕ ಬಂತು, ವಿದ್ಯಾರ್ಥಿಗಳ ಬಾಯಲ್ಲಿ 'ಒಲೆ ಮೇಡಂ' ಎಂಬ ಅಡ್ಡಹೆಸರೂ ಬಂತು. ಮದುವೆ ಬರಲಿಲ್ಲ, ಅದಕ್ಕೆ ಬಿಡುವೂ ಇರಲಿಲ್ಲ. ಕೊನೆಗೆ ಅವಳದೇ ಸರ್ಕಾರ ಒಂಟಿ ಹೆಣ್ಣಿಗೆ ಪಡಿ ಕೊಡುವ ಕಾನೂನು ಮಾಡಿದಾಗ, ಅದರ ಮೊದಲ ಸಾಲಿನಲ್ಲೇ ಒಲೆ ಎಂಬ ಮಾತು ಕಂಡು, ದೇವರು ತನ್ನ ಕೈಯಿಂದ ಒಂದು ಕೆಲಸ ಮಾಡಿಸಿಕೊಂಡ ಎಂದು ಕಣ್ಣು ತುಂಬಿಕೊಂಡಿದ್ದಳು.

ಹಸಿದವಳಿಗೆ ಬೇರೆ ಒಲೆಯಿರುತ್ತದೆ ಎಂಬುದು ಅವಳು ಕಂಡ ಸತ್ಯ. ಬೇರೆ ಒಲೆ ಹೂಡಿದರೆ ಹಸಿವಿಗೆ ಅನ್ನ ಸಿಗುತ್ತದೆ ಎಂಬುದು ಜನ ಕಂಡುಕೊಂಡ ಸತ್ಯ. ಎರಡರ ನಡುವೆ ಅಕ್ಕ ಕೂತು ಹೊಗೆ ಕುಡಿಯುತ್ತಿದ್ದಳು.

ಊಟವಾದ ಮೇಲೆ ಪ್ರೊಫೆಸರ್ ತಗಡಿನ ಕೆಳಗೆ ಬಂದು ಕೂತಳು. ಅಕ್ಕ ತಟ್ಟೆ ತೊಳೆಯುತ್ತಿದ್ದಳು.

"ಅಕ್ಕಾ, ಪಡಿ ಬಿಟ್ಟುಬಿಡು. ಮನೆ ಖರ್ಚು ನಾನು ನೋಡ್ಕೋತೀನಿ."

"ಎಷ್ಟು ದಿನ ನೋಡ್ಕೋತೀಯಾ? ನಿನ್ನ ಕೆಲಸವೇ ಮುಗೀತಾ ಬಂತು. ನೀನು ನನಗಿಂತ ಮುಂಚೆ ಕಣ್ಣು ಮುಚ್ಚಿದರೆ? ಒಂದ್ಸಲ ಪಡಿ ಹೋದ್ರೆ ಮತ್ತೆ ಹೆಸರು ಹತ್ತಲ್ಲ. ಅಲ್ಲದೆ..." ಅಕ್ಕ ತಟ್ಟೆ ಕವುಚಿಟ್ಟಳು. "ನಿನ್ನ ಮುಂದೆ ನನ್ನ ಕೈ ಇಷ್ಟು ದಿನ ಮೇಲಿತ್ತು. ಅದನ್ನ ಕೆಳಗೆ ಮಾಡಿಸಬೇಡ."

"ಹಾಗಾದ್ರೆ ನಾನೇನು ಮಾಡಲಿ?"

ಅಕ್ಕ ಸುತ್ತ ನೋಡಿ ದನಿ ತಗ್ಗಿಸಿದಳು. ಏನನ್ನೂ ಕೇಳಿ ಅಭ್ಯಾಸವಿಲ್ಲದವಳು ಕೇಳುವಾಗ ಮುಖ ಕೆಂಪಾಗುತ್ತದೆ, ಅಕ್ಕನದು ಹಾಗಾಯಿತು.

"ನಿನ್ನ ಮಾತು ಸರ್ಕಾರದಲ್ಲಿ ನಡೆಯುತ್ತಂತಲ್ಲ. ಹಾವೂ ಸಾಯಬೇಕು, ಕೋಲೂ ಮುರೀಬಾರದು, ಹಾಗೆ ಏನಾದ್ರೂ ಮಾಡು. ಪಡಿ ಬರಲಿ. ನಾನು ಒಳಗೆ ಕೂತು ಉಣ್ಣೋ ಹಾಗೂ ಆಗಲಿ. ಒಂದು ಹೊತ್ತು ಸಾಕು. ಆ ಮಗುವಿಗೆ ನನ್ನ ಕೈತುತ್ತು ಮರೆತುಹೋಗೋಕೆ ಮುಂಚೆ. ಮಕ್ಕಳು ಬೇಗ ಮರೀತಾವೆ ಪುಟ್ಟಿ. ಈಗಲೇ ಒಂದೊಂದ್ಸಲ ಅದು ಬಾಯಿ ತೆಗೆಯೋ ಮುಂಚೆ ಅದರಮ್ಮನ ಮುಖ ನೋಡುತ್ತೆ."

"ಮಾಡ್ತೀನಕ್ಕ."

"ಆಣೆ ಇಡಬೇಡ. ಮಾಡು."

ಬಾಗಿಲವರೆಗೆ ಬಂದ ಅಕ್ಕನ ಮಗ, "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ ಚಿಕ್ಕಮ್ಮ, ಹಾಗಾಗದೆ ಇರಲಿ," ಎಂದ. ಅಂದವನಿಗೇ ನಾಚಿಕೆಯಾಗಿ, ಅವಳ ಚೀಲವನ್ನು ಎಡಗೈಯಲ್ಲಿ ಹಿಡಿದು ಬಸ್ಸಿನವರೆಗೂ ಬಂದ.

ಮರುವಾರವೇ ಪ್ರೊಫೆಸರ್ ಕೆಲಸ ಶುರುಮಾಡಿದಳು. ಸಂಶೋಧನಾ ಸಹಾಯಕಿಯನ್ನು ಕರೆದುಕೊಂಡು ಅಕ್ಕನ ಬೀದಿ ಬಿಟ್ಟು ಬೇರೆ ಬೇರೆ ಕೇರಿಗಳಿಗೆ ಹೋದಳು. ಎಲ್ಲೆಲ್ಲೂ ಅದೇ. ಬಚ್ಚಲ ಪಕ್ಕ ಒಲೆ, ಮೆಟ್ಟಿಲ ಕೆಳಗೆ ಒಲೆ, ಕಕ್ಕಸಿನ ಗೋಡೆಗೆ ಒರಗಿಸಿ ಒಲೆ. ಒಂದೊಂದರ ಮುಂದೆ ಒಬ್ಬೊಬ್ಬ ಮುದುಕಿ. ಕೆಲವರಿಗೆ ನಿಜವಾಗಿಯೂ ಯಾರೂ ಇರಲಿಲ್ಲ. ಹಲವರಿಗೆ ಗೋಡೆಯಾಚೆ ಮಗನಿದ್ದ, ಮೊಮ್ಮಕ್ಕಳಿದ್ದರು. ಒಬ್ಬಳಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆಂಕಿ ಎಲ್ಲಿದೆ ಎಂದು ಅಂಗೈ ಚಾಚಿ ಹುಡುಕುತ್ತಿದ್ದಳು.

"ಅಜ್ಜಿ, ಸುಟ್ಕೊಳ್ಳಲ್ವಾ?" ಎಂದು ಸಹಾಯಕಿ ಕೇಳಿದಳು.

"ಸುಟ್ಕೋತೀನಿ ಮಗಾ. ಸುಟ್ಟಾಗ ಗೊತ್ತಾಗುತ್ತಲ್ಲ, ಇಲ್ಲಿದೆ ಅಂತ."

ಸರ್ಕಾರಕ್ಕೆ ಟಿಪ್ಪಣಿ ಬರೆಯಲು ಕೂತಾಗ ಪ್ರೊಫೆಸರ್ ತನ್ನ ಜೀವಮಾನದ ಅಭ್ಯಾಸದಂತೆಯೇ ಬರೆದಳು. ಸಾಕ್ಷಿ ಮೊದಲು, ಬೇಡಿಕೆ ಕೊನೆಗೆ. ವಿದ್ಯಾರ್ಥಿಗಳಿಗೆ ಅವಳು ಹೇಳಿಕೊಟ್ಟದ್ದೂ ಅದನ್ನೇ: ಕಂಡದ್ದನ್ನು ಮುಂದಿಟ್ಟು, ಓದುವವನು ಒಪ್ಪಿದ ಮೇಲೆ ಬೇಕಾದ್ದನ್ನು ಕೇಳಿ. ಹೀಗಾಗಿ ಮೊದಲ ಪುಟಗಳ ತುಂಬ ಸುಳ್ಳು ಒಲೆಗಳು: ಎಂತೆಂಥ ಜಾಗದಲ್ಲಿ, ಯಾವ ಯಾವ ಕಾರಣಕ್ಕೆ, ಹೇಗೆ ಹೇಗೆ ಹೂಡುತ್ತಾರೆ ಎಂದು. ಒಲೆಯ ಪರೀಕ್ಷೆಯನ್ನೇ ಕೈಬಿಡಿ, ಮುದುಕಿ ಎಲ್ಲಿ ಯಾರ ಜೊತೆ ಉಂಡರೂ ಅವಳ ಪಡಿ ಅವಳಿಗೆ ಕೊಡಿ ಎಂಬ ಮಾತು ಕಟ್ಟಕಡೆಯಲ್ಲಿತ್ತು.

"ಮೇಡಂ, ಇದನ್ನ ಮೊದಲೇ ಹಾಕಿದರೆ?" ಎಂದಳು ಸಹಾಯಕಿ.

"ಮೊದಲೇ ಹಾಕಿದರೆ ದಾನ ಕೇಳಿದ ಹಾಗಾಗುತ್ತೆ. ಕೊನೆಗಿದ್ದರೆ ತೀರ್ಮಾನ ಆಗುತ್ತೆ."

ಪಡಿ ಯೋಜನೆಯ ಸಮಿತಿ ಸೇರಿದ್ದು ಕಿಟಕಿಗಳಿಗೆ ದಪ್ಪ ಪರದೆ ಹಾಕಿದ್ದ ಕೋಣೆಯಲ್ಲಿ. ಮಧ್ಯಾಹ್ನದಲ್ಲೂ ದೀಪ ಉರಿಯುತ್ತಿತ್ತು. ಕಾರ್ಯದರ್ಶಿ ಅವಳ ಹಳೆಯ ವಿದ್ಯಾರ್ಥಿ. ಕುರ್ಚಿ ಎಳೆದು ಕೂರಿಸಿದ, ಚಹಾ ತರಿಸಿದ.

"ನಿಮ್ಮ ಟಿಪ್ಪಣಿ ಓದಿದೆ ಮೇಡಂ. ಕಣ್ಣು ತೆರೆಸಿತು. ನಾವು ಇಷ್ಟು ಮೋಸ ಹೋಗ್ತಿದ್ದೀವಿ ಅಂತ ಗೊತ್ತೇ ಇರಲಿಲ್ಲ."

"ಮೋಸ ಅಂತ ನಾನು ಬರೆದಿಲ್ಲ. ಕೊನೆಯ ಭಾಗ ಓದಿದ್ರಾ?"

"ಮೊದಲ ಭಾಗವೇ ಸಾಕಾಯಿತು." ಅವನು ಒಂದು ಹಾಳೆ ಅವಳ ಮುಂದೆ ಸರಿಸಿದ. "ನಿಮ್ಮ ಸಾಕ್ಷಿಯ ಮೇಲೇ ತಿದ್ದುಪಡಿ ಮಾಡಿದ್ದೀವಿ. ಬೇರೆ ಒಲೆ ಸಾಲದು. ಬೇರೆ ಬಾಗಿಲು, ಬೇರೆ ಸೂರು. ಮಕ್ಕಳಾಗಲಿ, ಸಂಬಳ ಬರುವ ಒಡಹುಟ್ಟಿದವರಾಗಲಿ ಜೊತೆಗಿರಬಾರದು, ಬಂದುಂಡು ಹೋಗಬಾರದು, ತಂದುಕೊಡಬಾರದು. ಆಗ ಒಂಟಿ ಅನ್ನೋದು ನಿಜವಾಗಿ ಒಂಟಿ ಆಗುತ್ತೆ."

"ನೆಗಡಿ ಬಂತು ಅಂತ ಮೂಗು ಕೊಯ್ತೀರೇನಯ್ಯ?" ಅವಳ ದನಿ ಏರಿತು. "ಆ ಮುದುಕಿಯರು ಈಗ ಗೋಡೆಯಾಚೆಯಾದ್ರೂ ಇದ್ದಾರೆ. ಮೊಮ್ಮಕ್ಕಳ ಅಳು ಕೇಳಿಸುತ್ತೆ. ಇದಾದ ಮೇಲೆ ಅದೂ ಇರಲ್ಲ."

ಕಾರ್ಯದರ್ಶಿ ಸುತ್ತ ಕೂತವರ ಕಡೆ ನೋಡಿ ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದ. ದನಿಯಲ್ಲಿ ನಿಜವಾದ ಸಂಕಟವಿತ್ತು. "ಮೇಡಂ, ಹಣಕಾಸಿನವರು ಯೋಜನೆಯನ್ನೇ ಮುಚ್ಚಬೇಕು ಅಂತ ಕಾಯ್ತಿದ್ದಾರೆ. ನಿಮ್ಮ ಮೊದಲ ಭಾಗ ಅವರ ಕೈಗೆ ಸಿಕ್ಕಾಗಿದೆ. ತಿದ್ದುಪಡಿ ಮಾಡಿ ನೀವು ಸಹಿ ಹಾಕಿದರೆ ಯೋಜನೆ ಉಳಿಯುತ್ತೆ. ಇಲ್ಲದಿದ್ದರೆ ಒಂದು ಕಾಳೂ ಯಾರಿಗೂ ಇಲ್ಲ. ನಿಜವಾಗಿ ಯಾರೂ ಇಲ್ಲದವರಿಗೂ."

ಅವಳ ಕಣ್ಣ ಮುಂದೆ ಬೆಂಕಿಯನ್ನು ಅಂಗೈಯಿಂದ ಹುಡುಕುತ್ತಿದ್ದ ಮುದುಕಿ ಬಂದಳು. ಅವಳ ಹಿಂದೆ ಅಕ್ಕ ಬಂದಳು. ಅತ್ತ ದರಿ, ಇತ್ತ ಹುಲಿ. ಚಹಾ ಆರಿ ಕೆನೆಗಟ್ಟಿತು. ಕೊನೆಗೆ ಪ್ರೊಫೆಸರ್ ಸಹಿ ಹಾಕಿದಳು.

ಅಕ್ಕನಿಗೆ ಹೇಳಲು ಹೋಗಬೇಕೆಂದು ಅಂದುಕೊಂಡಳು. ಈ ವಾರ ಪರೀಕ್ಷೆ, ಮುಂದಿನ ವಾರ ಮೌಲ್ಯಮಾಪನ ಎಂದು ಮುಂದೂಡಿದಳು. ಅವಳು ಹೋಗುವ ಮೊದಲೇ ಅಕ್ಕನ ಮಗನ ಫೋನ್ ಬಂತು.

"ಅಮ್ಮನ್ನ ಗೋದಾಮಿನ ಹಿಂದಿನ ಸಾಲುಕೋಣೆಗೆ ಬಿಟ್ಟು ಬಂದೆ ಚಿಕ್ಕಮ್ಮ," ಎಂದ ಅವನು. ಬಾಗಿಲ ಗುರುತು ಹೇಳಿ ಫೋನಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಗೋದಾಮಿನ ಹಿಂದೆ ಲಾರಿಗಳು ತಿರುಗಿಸಿಕೊಳ್ಳುವ ಬಯಲು. ಅದರ ಅಂಚಿಗೆ ಸಿಮೆಂಟು ಇಟ್ಟಿಗೆಯ ಉದ್ದನೆಯ ಕಟ್ಟಡ, ಗಿಲಾವು ಇಲ್ಲ. ಸಾಲಾಗಿ ಬಾಗಿಲುಗಳು, ಎರಡು ಕೋಣೆಗಳ ನಡುವೆ ಒಂದು ಗೋಡೆ, ಅದೂ ಮಾಡಿನವರೆಗೆ ಮುಟ್ಟಿರಲಿಲ್ಲ. ಒಂದೊಂದು ಬಾಗಿಲಲ್ಲಿ ಒಬ್ಬೊಬ್ಬ ಹೆಂಗಸು ಕೂತಿದ್ದಳು. ಹೊಸ ನಿಯಮ ಬಂದ ಮೇಲೆ ಕೋಣೆಗಳು ಖಾಲಿ ಬೀಳುತ್ತಿರಲಿಲ್ಲ. ಪ್ರೊಫೆಸರ್ ಅವರ ಮುಂದೆ ಹಾದುಹೋದಳು. ಮೆರವಣಿಗೆ ನೋಡಲು ಕೂತವರಂತೆ ಅವರೆಲ್ಲ ಅವಳನ್ನು ನೋಡಿದರು.

ಅಕ್ಕ ಸೊರಗಿದ್ದಳು. ಕೆಮ್ಮು ಹಿಡಿದಿತ್ತು. ಆದರೂ ತಂಗಿಯನ್ನು ಕಂಡೊಡನೆ ಎದ್ದು, "ಬಂದ್ಯಾ? ಕೈಕಾಲು ತೊಳ್ಕೋ. ಊಟಕ್ಕೆ ಸರಿಯಾಗಿ ಬಂದಿದೀಯ. ನಿನ್ನ ಹೊಟ್ಟೆಗೆ ಮೊದಲಿಂದ್ಲೂ ಗಡಿಯಾರ ಇದೆ," ಎಂದಳು.

"ಅಕ್ಕಾ, ನಾನು..."

"ಗೊತ್ತು. ಕೂತ್ಕೋ. ನೀನು ಒಳ್ಳೇದು ಮಾಡೋಕೇ ಹೋಗಿರ್ತೀಯ. ಚಿಕ್ಕಂದಿನಲ್ಲೂ ಹೀಗೇ, ಬಾವಿಗೆ ಬಿದ್ದ ಬೆಕ್ಕನ್ನ ಎತ್ತೋಕೆ ಹೋಗಿ ಬಿಂದಿಗೆ, ಹಗ್ಗ ಎರಡನ್ನೂ ಕಳೆದಿದ್ದೆ."

"ಬೆಕ್ಕು?"

"ಬೆಕ್ಕಿನ ಮಾತು ಈಗ್ಯಾಕೆ," ಎಂದು ಅಕ್ಕ ಎರಡು ತಟ್ಟೆ ಹಾಕಿದಳು.

ಬಡಿಸುತ್ತಾ ಸುದ್ದಿ ಹೇಳಿದಳು. ಪಡಿ ಬಂದ ದಿನ ಸೊಸೆ ಬರುತ್ತಾಳೆ, ಒಗೆಯುವ ಬಟ್ಟೆಯ ಗಂಟೆಂದು ಅಕ್ಕಿಬೇಳೆ ಹೊತ್ತೊಯ್ಯುತ್ತಾಳೆ. ಮಾತಾಡುವುದಿಲ್ಲ, ಅಳುತ್ತಾಳೆ; ಕೆಟ್ಟವಳಲ್ಲ. ಮಗ ಬಯಲಿನಾಚೆ ಲಾರಿಗಳ ಸಂದಿಯಲ್ಲಿ ನಿಂತು ನೋಡಿ ಹೋಗುತ್ತಾನೆ. ಗುಬ್ಬಿಯನ್ನು ಕರೆತರುವಂತಿಲ್ಲ. ಮಗುವಿನ ಬಾಯಿ, ಕಂಡಲ್ಲಿ ಅಜ್ಜೀ ಎಂದುಬಿಡುತ್ತದೆ.

"ಒಂದ್ಸಲ ದೂರದಿಂದ ತೋರಿಸು ಅಂದೆ. ಲಾರಿ ಹಿಂದೆ ಎತ್ತಿ ಹಿಡಿದಿದ್ದ. ನಾನು ಕೈ ಮಾಡಿದೆ. ಅದು ಲಾರಿ ನೋಡ್ತಾ ಇತ್ತು."

ಪ್ರೊಫೆಸರ್ ಅಕ್ಕನ ಕೈ ಹಿಡಿದಳು. "ನಡಿ ಅಕ್ಕ, ನಮ್ಮನೆಗೆ. ಇವತ್ತೇ. ಕೈ ಮೇಲೆ ಕೆಳಗೆ ಅಂತ ಏನೂ ಇಲ್ಲ. ಗುಬ್ಬಿಯನ್ನೂ ಅಲ್ಲಿಗೇ ಕರೆಸೋಣ."

ಅಕ್ಕ ಸೌಟು ಕೆಳಗಿಟ್ಟಳು. ಒಪ್ಪುತ್ತಾಳೆ ಅನಿಸಿತು. ಒಪ್ಪುತ್ತಿದ್ದಳೋ ಏನೋ. ಅಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು. ಉದ್ದನೆಯ ಮೂಗಿನ, ಸಣಕಲು ಮೈಯ ಮನುಷ್ಯ, ಕಂಕುಳಲ್ಲಿ ಚರ್ಮದ ಚೀಲ. ಪ್ರೊಫೆಸರ್ ಅವನನ್ನು ಎಂದೂ ನೋಡಿರಲಿಲ್ಲ. ನೋಡಿದ ಕೂಡಲೇ ಗೊತ್ತಾಯಿತು.

ಮೂಗು ಒಲೆಯ ಕಡೆ ನೋಡಲೇ ಇಲ್ಲ. ಎರಡು ತಟ್ಟೆ ನೋಡಿದ.

"ಊಟಕ್ಕೆ ನೆಂಟರು ಬಂದಿದಾರಾ ಅಮ್ಮ?"

ಪ್ರೊಫೆಸರ್ ಹೇಳಬೇಕೆಂದು ಬಾಯಿ ತೆರೆದಳು. ನಾನು ಇವಳ ತಂಗಿ, ಈ ನಿಯಮದ ಕೆಳಗಿರುವುದು ನನ್ನ ಸಹಿ, ನಡಿ ನಿನ್ನ ಕಚೇರಿಗೆ ಎಂದು. ಆದರೆ ಅಕ್ಕ ಅವಳಿಗಿಂತ ಮೊದಲು ಮಾತಾಡಿದಳು.

"ನೆಂಟರೆಲ್ಲಿ ಬರ್ತಾರೆ ಸ್ವಾಮಿ ನಂಗೆ? ಇವರು ಯಾರೋ ಕಾಲೇಜಿನ ಮೇಡಮ್ಮು. ಬಡವರನ್ನ ಪ್ರಶ್ನೆ ಕೇಳೋಕೆ ಬಂದಿದಾರೆ. ಬಿಸಿಲಲ್ಲಿ ಬಂದೋರಿಗೆ ಒಂದು ತುತ್ತು ಹಾಕಬಾರದು ಅಂತಲೂ ನಿಮ್ಮಲ್ಲಿ ಬರೆದಿದೆಯಾ?"

ಮೂಗು ಪ್ರೊಫೆಸರಳ ಕನ್ನಡಕ ನೋಡಿದ, ಹೆಗಲ ಚೀಲ ನೋಡಿದ, ಅದರ ಜೇಬಿನ ಪೆನ್ನು ನೋಡಿದ. ಅರ್ಧ ನಂಬಿದ. "ಸರ್ವೆಯಾ ಮೇಡಂ? ಕೇಳಿ, ಕೇಳಿ. ನಾನೂ ಕೇಳಿಸ್ಕೋತೀನಿ. ನನ್ನ ಕೆಲಸ ಅರ್ಧ ಆಗುತ್ತೆ." ಎಂದು ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತ.

ಪ್ರೊಫೆಸರ್ ಅಕ್ಕನ ಕಡೆ ನೋಡಿದಳು. ಅಕ್ಕ ಕೈ ಕಟ್ಟಿಕೊಂಡು ಕೂತಿದ್ದಳು, ಪರೀಕ್ಷೆಗೆ ಕೂತವಳ ಹಾಗೆ. ಅವಳ ಕಾಲಿನ ಹೆಬ್ಬೆರಳು ಮಾತ್ರ ನೆಲವನ್ನು ಒತ್ತುತ್ತಿತ್ತು. ಕೇಳು ಎನ್ನುತ್ತಿತ್ತು ಅದು. ಕೇಳದಿದ್ದರೆ ನಾಳೆ ಆ ಮನೆಯಲ್ಲಿ ಅನ್ನವಿಲ್ಲ.

ಪ್ರೊಫೆಸರ್ ಚೀಲದಿಂದ ಕಾಗದ ತೆಗೆದಳು. ಜೀವಮಾನವಿಡೀ ಕೇಳಿದ ಪ್ರಶ್ನೆಗಳು; ಹುಡುಕಬೇಕಾಗಿರಲಿಲ್ಲ.

"ಈ ಮನೆಯಲ್ಲಿ ಯಾರ್ಯಾರಿದ್ದೀರಿ?"

"ನಾನೊಬ್ಬಳೇ."

"ಮಕ್ಕಳು?"

"ಇದ್ದ. ಈಗ ಅವನ ಪಾಡು ಅವನಿಗೆ. ಬರಲ್ಲ."

"ಮೊಮ್ಮಕ್ಕಳು?"

ಅಕ್ಕ ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು. "ನೋಡಿಲ್ಲ," ಎಂದಳು.

ಮುಂದಿನ ಪ್ರಶ್ನೆ ಪ್ರೊಫೆಸರಳ ಬಾಯಿಗೆ ಬಂದು ನಿಂತಿತು. ಬಿಟ್ಟುಬಿಡಬಹುದಿತ್ತು. ಮೂಗು ತಲೆಯೆತ್ತಿ, "ಒಡಹುಟ್ಟಿದವರನ್ನ ಕೇಳಿ ಮೇಡಂ. ಹೊಸ ನಿಯಮದಲ್ಲಿ ಅದೇ ಮುಖ್ಯ," ಎಂದ.

"ಒಡಹುಟ್ಟಿದವರು?"

"ಒಬ್ಬಳು ತಂಗಿ ಇದ್ದಳು," ಎಂದಳು ಅಕ್ಕ. "ಚೆನ್ನಾಗಿ ಓದೋಳು. ನಾನೇ ಸಾಕಿದ್ದೆ."

"ಈಗ?"

"ಇಲ್ಲ."

ಪ್ರೊಫೆಸರ್ ಬರೆದಳು. ಬರೆಯದಿದ್ದರೆ ಮೂಗು ನೋಡುತ್ತಿದ್ದ.

"ಆಯ್ತಲ್ಲ," ಎಂದು ಅವನು ಎದ್ದು ಬಟ್ಟೆ ಕೊಡವಿಕೊಂಡ. "ಬನ್ನಿ ಮೇಡಂ, ಪಕ್ಕದ ಕೋಣೆಯವಳನ್ನೂ ಕೇಳುವಿರಂತೆ. ಇಲ್ಲಿ ಎಲ್ಲರೂ ಒಂಟಿಗಳೇ. ಒಂದೇ ಕಡೆ ಸಿಕ್ತಾರೆ, ನಿಮಗೂ ಅಲೆಯೋದು ತಪ್ಪುತ್ತೆ." ಬಾಗಿಲಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಿಂತ. ಅವಳು ಹೊರಗೆ ಬರುವವರೆಗೂ ಅವನು ಹೋಗುವವನಲ್ಲ.

"ಹೋಗಿ ಬನ್ನಿ ಮೇಡಂ," ಎಂದಳು ಅಕ್ಕ. ಹುಟ್ಟಿದಂದಿನಿಂದ ಅವಳು ತಂಗಿಯನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಪಕ್ಕದ ಕೋಣೆಯ ಹೆಂಗಸು ಆಗಲೇ ಎದ್ದು ನೆಲ ಒರೆಸಿ, ಮಣೆ ಹಾಕಿ, ಕೈ ಕಟ್ಟಿ ಕೂತಿದ್ದಳು. ಮೂಗು ಹೊಸ್ತಿಲಲ್ಲಿ ಕೂತ. ಮಾಡಿಗೆ ಮುಟ್ಟದ ಗೋಡೆಯ ಮೇಲಿಂದ ಆಚೆ ಕೋಣೆಯ ಸದ್ದು ಇಲ್ಲಿಗೆ ಕೇಳುತ್ತಿತ್ತು. ಒಂದು ತಟ್ಟೆಯ ಅನ್ನವನ್ನು ಅಕ್ಕ ಸೌಟಿನಿಂದ ಬಳಿದು ಬಳಿದು ಪಾತ್ರೆಗೆ ವಾಪಸು ಹಾಕುತ್ತಿದ್ದಳು. ಆಮೇಲೆ ಮುಚ್ಚಳ ಬಿತ್ತು. ಆಮೇಲೆ ಕೆಮ್ಮು.

"ಕೇಳಿ ಮೇಡಂ," ಎಂದ ಮೂಗು.

ಪ್ರೊಫೆಸರ್ ಹೊಸ ಹಾಳೆ ತಿರುಗಿಸಿದಳು.

"ಈ ಮನೆಯಲ್ಲಿ ಯಾರ್ಯಾರಿದ್ದೀರಿ?"